ಮೇಲಿನ ಮನೆಯ ಕೈಮಾ ಅನ್ನ

ಮೊನ್ನೆ ಭಾನುವಾರ ಮಗಳು ಮೊಬೈಲಿನಲ್ಲಿ ಆರ್ಡರ್ ಮಾಡಿ ಒಂದು ಪೊಟ್ಟಣ ತರಿಸಿದಳು. ಬಿಚ್ಚಿ ನೋಡಿದರೆ ಟರ್ಕಿ ಕೋಳಿಯ ಕೈಮಾ. ಬೆಂಗಳೂರಿನಲ್ಲಿ ಇಷ್ಟು ವರ್ಷ ಬದುಕಿ ಕುರಿ, ಕೋಳಿ, ಮೀನು ಎಲ್ಲವನ್ನೂ ಕಂಡವಳು ನಾನು. ಈ ಟರ್ಕಿಯ ಪರಿಚಯ ಮಾತ್ರ ಇರಲಿಲ್ಲ. ಕೊಬ್ಬು ಕಡಿಮೆಯಂತೆ, ಬೇಗ ಬೇಯುತ್ತದಂತೆ, ತರಕಾರಿ ಸೇರಿಸಿ ಅನ್ನದ ಮೇಲೆ ಸುರಿದುಕೊಂಡರೆ ಒಂದೇ ಬಟ್ಟಲಿನಲ್ಲಿ ಊಟ ಮುಗಿಯುತ್ತದಂತೆ. ಪ್ರಪಂಚದಲ್ಲಿ ಯಾರಿಗೂ ತಿಳಿಯದ ವಿದ್ಯೆಯನ್ನು ಹೇಳಿಕೊಡುವವಳ ಹಾಗೆ ಹೇಳುತ್ತಿದ್ದಳು. ಬಾಣಲೆಯಲ್ಲಿ ಕೈಮಾದ ನೀರು ಹಿಂಗಿ ಚುರುಗುಟ್ಟಲು ಶುರುವಾದಾಗ, ಫ್ರಿಜ್ಜಿನಲ್ಲಿ ಬಾಡುತ್ತಿದ್ದ ಸಬ್ಬಸಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಅದರ ಮೇಲೆ ಹಾಕಿದೆ. ಆ ಘಮ ಎದ್ದಿದ್ದೇ ತಡ, ನಾನು ಈ ಅಡುಗೆಮನೆಯಲ್ಲಿ ಇರಲಿಲ್ಲ...

ರಾಜರಾಜೇಶ್ವರಿನಗರದ ಈ ಫ್ಲಾಟಿಗೆ ಬರುವ ಮೊದಲು ನಾವು ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಮೂರು ಅಂತಸ್ತಿನ ಮನೆ. ನಮ್ಮದು ಎಲ್ಲಕ್ಕಿಂತ ಮೇಲೆ, ಒಂದು ರೂಮು, ಒಂದು ಹಾಲು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದಂಥ ಅಡುಗೆಮನೆ. ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ಓನರಮ್ಮ ಎನ್ನುತ್ತಿದ್ದರು. ನಾನು ಎದುರಿಗೆ ಅಮ್ಮ ಎನ್ನುತ್ತಿದ್ದೆ. ಹಳ್ಳಿ ಬಡಾವಣೆಯಾಗುವ ಮುಂಚೆ ಅದೇ ಜಾಗದಲ್ಲಿ ಅವರ ಹೊಲವಿತ್ತು. ಅವರ ಯಜಮಾನರು ಅಲ್ಲಿ ಹುರುಳಿಕಾಯಿ, ಎಲೆಕೋಸು ಬೆಳೆಯುತ್ತಿದ್ದರಂತೆ. ಹೊಲ ಹೋದ ಮೇಲೆ ರಾಜಾಜಿನಗರದ ಕಡೆ ಒಂದು ಮಿಲ್ಲಿಗೆ ಪಾಳಿ ಕೆಲಸಕ್ಕೆ ಸೇರಿಕೊಂಡರು. ನಾವು ಆ ಮನೆಗೆ ಹೋಗುವಷ್ಟರಲ್ಲಿ ಅವರು ತೀರಿಹೋಗಿ, ಹೂವಿನ ಹಾರ ಹಾಕಿಸಿಕೊಂಡು ಗೋಡೆಯ ಮೇಲಿದ್ದರು.

ಅವರು ಹೋದ ಮೇಲೆ ಮನೆ ಭಾಗವಾಗಿತ್ತು. ಕೆಳಗಿನದು ದೊಡ್ಡ ಮಗನಿಗೆ, ನಡುವಿನದು ಚಿಕ್ಕ ಮಗನಿಗೆ, ಮೇಲಿನದು ಅಮ್ಮನ ಹೆಸರಿಗೆ. ಮೆಟ್ಟಿಲು ಮಾತ್ರ ಮೂವರಿಗೂ ಸೇರಿದ್ದು. ಗೇಟಿನ ಒಳಗೆ ಗಾಡಿ ನಿಲ್ಲಿಸುವ ಜಾಗಕ್ಕೆ ಶುರುವಾದ ಜಗಳ ಅಣ್ಣತಮ್ಮಂದಿರ ಮಾತು ನಿಲ್ಲಿಸಿತ್ತು, ಓರಗಿತ್ತಿಯರದ್ದಂತೂ ಕೇಳುವುದೇ ಬೇಡ. ಒಬ್ಬಳು ಮೆಟ್ಟಿಲು ಇಳಿಯುತ್ತಿದ್ದರೆ ಇನ್ನೊಬ್ಬಳು ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಹಿಂದೆಯೇ ನಿಂತಿರುತ್ತಿದ್ದಳು. ಅಮ್ಮನ ಊಟಕ್ಕೆ, ಇರುವುದಕ್ಕೆ ಪಾಳಿ ಹಾಕಿದ್ದರು. ಒಂದು ತಿಂಗಳು ಕೆಳಗೆ, ಒಂದು ತಿಂಗಳು ನಡುವೆ. ಗಂಡ ಮಿಲ್ಲಿನಲ್ಲಿ ಮಾಡಿದ ಪಾಳಿಯನ್ನು ತಾನು ತಟ್ಟೆಯ ಮುಂದೆ ಮಾಡುತ್ತಿದ್ದೇನೆ ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಸೊಸೆಯರು ಕೆಟ್ಟವರಲ್ಲ; ಇಬ್ಬರೂ ಅತ್ತೆಗೆ ಹೊಟ್ಟೆ ತುಂಬ ಬಡಿಸುತ್ತಿದ್ದರು. ಅತ್ತೆ ಅಡುಗೆಮನೆಗೆ ಕಾಲಿಟ್ಟರೆ ಮಾತ್ರ ಅವರ ಮುಖ ಸಣ್ಣಗಾಗುತ್ತಿತ್ತು. ತಮ್ಮ ಕೈ ಅಡುಗೆ ಸೇರುತ್ತಿಲ್ಲ, ಇದು ಇನ್ನೊಬ್ಬಳ ಕಿವಿಗೆ ಬಿದ್ದರೆ ಏನು ಗತಿ ಎಂಬ ಭಯ ಅದು.

ಒಂದು ಭಾನುವಾರ ಸಂಜೆ ಅವರು ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದರು. ಸೆರಗಿನ ಮರೆಯಲ್ಲಿ ಒಂದು ಕವರು. ಅದರಲ್ಲಿ ಕೋಳಿ ಕೈಮಾ, ಒಂದು ಹಿಡಿ ಸಬ್ಬಸಿಗೆ.

"ನಿನ್ನ ಒಲೆ ಖಾಲಿ ಅದಾ ತಾಯಿ?" ಎಂದರು.

ನಾನು ಮದುವೆಯೊಂದರಿಂದ ಆಗಷ್ಟೇ ಬಂದು, ಸೀರೆ ಕೂಡ ಬದಲಿಸದೆ, ಹಸಿದು ಅಳುತ್ತಿದ್ದ ಮಗಳಿಗೆ ಏನು ಮಾಡಲಿ ಎಂದು ನಿಂತಿದ್ದೆ. ಒಲೆ ಖಾಲಿ ಇತ್ತು. ಅವರು ಸೆರಗು ಸಿಕ್ಕಿಸಿಕೊಂಡು ನೇರ ಅಡುಗೆಮನೆಗೆ ನಡೆದರು. ನನ್ನನ್ನು ಕುಕ್ಕರಿಗೆ ಅಕ್ಕಿ ಹಾಕಲು ಹೇಳಿ ತಾವು ಈಳಿಗೆಮಣೆ ಎಳೆದುಕೊಂಡರು.

ಅವರು ಮಾಡಿದ್ದರಲ್ಲಿ ಮಸಾಲೆ ರುಬ್ಬುವ ಕೆಲಸವೇ ಇರಲಿಲ್ಲ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ, ಎಣ್ಣೆಯಲ್ಲಿ ಈರುಳ್ಳಿಯೊಂದಿಗೆ ಬಾಡಿಸಿ, ಅದರ ಮೇಲೆ ಕೈಮಾ ಹರಡಿದರು. ನಾನು ಅಭ್ಯಾಸಬಲದಿಂದ ಸೌಟು ಹಾಕಲು ಹೋದರೆ ಕೈಗೆ ಒಂದು ಏಟು ಬಿತ್ತು. "ಸುಮ್ನೆ ಬಿಡು. ನೀರು ಬಿಡ್ತದೆ, ಅದೇ ಹಿಂಗ್ತದೆ. ಸೌಟಾಡಿಸ್ತಾ ಇದ್ರೆ ಬೆಂದು ಬೂದಿ ಬಣ್ಣಕ್ಕೆ ಬತ್ತದೆ, ರುಚಿ ಬರಕಿಲ್ಲ." ನೀರು ಹಿಂಗಿ ತಳದಲ್ಲಿ ಕೆಂಪಗೆ ಹಿಡಿಯುವಾಗ ಅರಿಶಿನ, ಧನಿಯಾ ಪುಡಿ, ಮೆಣಸಿನ ಪುಡಿ. ಆಮೇಲೆ ಸಣ್ಣಗೆ ಹೆಚ್ಚಿದ ಕ್ಯಾರೆಟ್ಟು, ಹುರುಳಿಕಾಯಿ, ಎಲೆಕೋಸು, ಒಂದು ಹಿಡಿ ಹಸಿಬಟಾಣಿ. ತರಕಾರಿ ಪೂರ್ತಿ ಮೆತ್ತಗಾಗುವ ಮೊದಲೇ ಸಬ್ಬಸಿಗೆ ಹಾಕಿ, ಉಪ್ಪು ಹಾಕಿ, ಮುಚ್ಚಿ ಇಳಿಸಿದರು. ಕುಕ್ಕರಿನ ಅನ್ನ ಆಗುವುದಕ್ಕೂ ಇದು ಆಗುವುದಕ್ಕೂ ಸರಿಹೋಯಿತು. ಬಟ್ಟಲಿಗೆ ಬಿಸಿ ಅನ್ನ, ಅದರ ಮೇಲೆ ಇದು, ಮೇಲೊಂದು ಹನಿ ನಿಂಬೆಹುಳಿ.

"ಇದು ಸಾರಾ, ಪಲ್ಯಾನಾ ಅಮ್ಮ?" ಎಂದೆ. ನನ್ನ ತವರಿನಲ್ಲಿ ಇಂಥದ್ದು ಇರಲಿಲ್ಲ.

"ಎರಡೂ ಅಲ್ಲ. ಹೊಟ್ಟೆಗೆ" ಎಂದರು.

ಕಾಲು ಕೆಜಿ ಮಾಂಸ ತಂದರೆ ಮನೆ ತುಂಬ ಜನ ಉಣ್ಣಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಅಡುಗೆ ಅದು. ಹೊಲದ ತರಕಾರಿ ಧಾರಾಳ ಇತ್ತು, ಮಾಂಸಕ್ಕೆ ಅದನ್ನು ಬೆರೆಸಿ ಹಿಗ್ಗಿಸುತ್ತಿದ್ದರು. ಯಜಮಾನರು ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಪಂಚೆ ಉಟ್ಟು ಬರುವಷ್ಟರಲ್ಲಿ ಬಟ್ಟಲು ಕೈಗೆ ಸಿಗಬೇಕಿತ್ತು. ಜಗುಲಿಯ ಮೇಲೆ ಕೂತು, ಆ ಕಡೆ ಒಬ್ಬ ಮಗನನ್ನು, ಈ ಕಡೆ ಒಬ್ಬ ಮಗನನ್ನು ಕೂರಿಸಿಕೊಂಡು, ಅದೇ ಬಟ್ಟಲಿನಿಂದ ಇಬ್ಬರಿಗೂ ತುತ್ತು ಕೊಟ್ಟು ಉಣ್ಣುತ್ತಿದ್ದರಂತೆ. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಬಾಣಲೆ ಕೆರೆಯುತ್ತಿದ್ದರು.

ಅಲ್ಲಿಂದ ಅದು ರೂಢಿಯಾಯಿತು. ಭಾನುವಾರ ಸಂಜೆ ನನ್ನ ಅಡುಗೆಮನೆ ಅವರದ್ದು. ಒಂದೆರಡು ವಾರದಲ್ಲಿ ಘಮ ಹಿಡಿದು ಕೆಳಗಿನ ಮೊಮ್ಮಕ್ಕಳೂ ಬಂದರು, ನಡುವಿನ ಮೊಮ್ಮಗಳೂ ಬಂದಳು. ಒಂದು ಮನೆಯ ಮಕ್ಕಳು ಇನ್ನೊಂದು ಮನೆಯಲ್ಲಿ ನೀರು ಕೂಡ ಕುಡಿಯುವಂತಿರಲಿಲ್ಲ. ಆದರೆ ಬಾಡಿಗೆಯವರ ಮನೆಗೆ ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲವಲ್ಲ! ನನ್ನ ಮಗಳೂ ಸೇರಿ ಅವರೆಲ್ಲ ಟೆರೇಸಿನಲ್ಲಿ ಬಟ್ಟಲು ಹಿಡಿದು ಕೂರುತ್ತಿದ್ದರು. ಕ್ಯಾರೆಟ್ಟು ಆರಿಸಿ ಎಸೆಯಲು ಹೋದವರ ತಲೆಗೆ ಅಜ್ಜಿಯ ಮೊಟಕು ಬೀಳುತ್ತಿತ್ತು. ಸೊಸೆಯರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗಿದ್ದರು.

ಅವರ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ತಿಳಿದದ್ದು ಮಹಾಲಯ ಅಮಾವಾಸ್ಯೆಯ ದಿನ. ಅವರ ಕಡೆ ಅದನ್ನು ಪಕ್ಷ ಎನ್ನುತ್ತಾರೆ. ತೀರಿಹೋದ ಹಿರಿಯರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಆ ಮನೆಯಲ್ಲಿ ಎರಡು ಎಡೆ. ಕೆಳಗೊಂದು ಫೋಟೋ, ಮಟನ್ ಸಾರು, ಮುದ್ದೆ, ವಡೆ. ನಡುವೆ ಅದೇ ಫೋಟೋದ ಇನ್ನೊಂದು ಪ್ರತಿ, ಅದೇ ಸಾರು, ಅದೇ ವಡೆ. ಅಮ್ಮ ಕೆಳಗೆ ದೀಪ ಹಚ್ಚಿ, ಮೆಟ್ಟಿಲು ಹತ್ತಿ ನಡುವೆಯೂ ದೀಪ ಹಚ್ಚಿದರು. ಎರಡು ಕಡೆಯೂ ಊಟಕ್ಕೆ ಕೂರಲಿಲ್ಲ. ಮೇಲೆ ಬಂದು ನನ್ನ ಹಾಲಿನಲ್ಲಿ ಗೋಡೆಗೆ ಒರಗಿ ಕುಳಿತರು.

"ಅವ್ರು ಬದುಕಿದ್ದಾಗ ಎರಡು ಮನೇಲಿ ಉಂಡೋರಲ್ಲ ಕಣಮ್ಮ. ಈಗ ಬಂದ್ರೆ ಯಾವ ಬಾಗ್ಲಿಗೆ ಬತ್ತಾರೆ? ಬೀದೀಲಿ ನಿಂತು ಹಂಗೇ ಹೊಂಟೋಗ್ತಾರೆ."

ನಾನು ಹೆದರಿದ್ದು ಆ ಮಾತಿಗಲ್ಲ, ಅದನ್ನು ಹೇಳಿದ ರೀತಿಗೆ. ಅಳು ಇರಲಿಲ್ಲ, ಸಿಟ್ಟು ಇರಲಿಲ್ಲ. ಬಸ್ಸು ತಪ್ಪಿದ್ದನ್ನು ಹೇಳುವಷ್ಟು ಸಾಧಾರಣವಾಗಿ ಹೇಳಿದರು. ಯಜಮಾನರಿಗೆ ಇಷ್ಟವಾದ ಕೈಮಾ ಅನ್ನ ಎಡೆಗೆ ಇಡಲಿಲ್ಲವೇ ಎಂದು ಕೇಳಿದೆ. ತಲೆಯಾಡಿಸಿದರು.

"ಎರಡು ಕಡೆ ಇಡೋ ಎಡೆಗೆ ನಾನು ಅದನ್ನ ಮಾಡಕಿಲ್ಲ. ಒಂದು ಕಡೆ ಇಡಲಿ, ಅವತ್ತು ಮಾಡ್ತೀನಿ."

ಅದೊಂದು ಆಸೆಗಾಗಿ ಅವರು ಮಾಡದ ಪ್ರಯತ್ನವಿಲ್ಲ. ಪಕ್ಷ ಹತ್ತಿರ ಬಂದಾಗಲೆಲ್ಲ ದೊಡ್ಡ ಮಗನನ್ನು ಕೇಳುತ್ತಿದ್ದರು. ಹಿರೀಮಗ ನಾನು, ಎಡೆ ನನ್ನ ಮನೆಯಲ್ಲೇ ಆಗಬೇಕು, ಅವನು ಬರಲಿ ಎನ್ನುತ್ತಿದ್ದರು ಅವರು. ಚಿಕ್ಕ ಮಗನನ್ನು ಕೇಳಿದರೆ, ಅಣ್ಣ ಬಂದು ಕರೆದರೆ ಬರ್ತೀನಿ ಎನ್ನುತ್ತಿದ್ದ. ಅದನ್ನು ಕೆಳಗೆ ಹೋಗಿ ಹೇಳಿದರೆ, ನಮ್ಮಪ್ಪನ ಎಡೆಗೆ ನಮ್ಮಪ್ಪನ ಮಗನನ್ನೇ ಕರೀಬೇಕಾ ಎಂಬ ಉತ್ತರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಮೆಟ್ಟಿಲು ಹತ್ತಿಳಿದು ಅಮ್ಮನ ಮಂಡಿ ಸವೆಯಿತು. ನನಗೆ ರೇಗಿಹೋಗುತ್ತಿತ್ತು. ಇಬ್ಬರನ್ನೂ ನಿಲ್ಲಿಸಿ ನಾಲ್ಕು ಮಾತು ಕೇಳಿಬಿಡುತ್ತೇನೆ ಎಂದರೆ, "ಬಾಡಿಗೆಯೋಳು ನೀನು, ಬಾಯಿ ಮುಚ್ಕೊಂಡು ತರಕಾರಿ ಹೆಚ್ಚು" ಎನ್ನುತ್ತಿದ್ದರು. ಅವರಿಗೆ ನನ್ನ ಮೇಲೆ ಎಷ್ಟು ಸಲಿಗೆಯಿತ್ತು ಎಂದು ಈಗ ನೆನೆದರೆ ಸಂತೋಷವಾಗುತ್ತದೆ.

ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ನಾವು ಈ ಕಡೆ ಫ್ಲಾಟು ಮಾಡಿಕೊಂಡು ಬಂದೆವು. ಹೊರಡುವ ದಿನ ಅವರು ಕೆಳಗೆ ಇಳಿಯಲಿಲ್ಲ. ಖಾಲಿಯಾದ ಅಡುಗೆಮನೆಯನ್ನು ಗುಡಿಸುತ್ತ ಅಲ್ಲೇ ಉಳಿದರು. ನಮ್ಮ ನಂತರ ಒಂದಿಬ್ಬರು ಬಾಡಿಗೆಗೆ ಬಂದು ಹೋದರಂತೆ. ಅವರ ಒಲೆಯನ್ನು ಅಮ್ಮ ಕೇಳಲಿಲ್ಲ. ನಾನು ಆಗೀಗ ಹೋಗಿ ಬರುತ್ತಿದ್ದೆ. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ತಿಂಗಳ ಪಾಳಿಗೂ ಯಾರಾದರೂ ಹಿಡಿದು ಹತ್ತಿಸಬೇಕಿತ್ತು. ಒಂದು ಚಳಿಗಾಲದಲ್ಲಿ ಜ್ವರ ಬಂದದ್ದೇ ನೆಪವಾಗಿ, ಚಿಕ್ಕ ಮಗನ ಮನೆಯ ಪಾಳಿಯಲ್ಲಿ, ಹೋಗಿಬಿಟ್ಟರು. ಮಣ್ಣಿಗೆ ಹೋದಾಗ ಅಣ್ಣತಮ್ಮ ಇಬ್ಬರೂ ಹೆಗಲು ಕೊಟ್ಟರು, ಮಾತಾಡಲಿಲ್ಲ. ಅವರ ಆಸೆ ಅವರ ಜೊತೆಗೇ ಹೋಯಿತು ಎಂದುಕೊಂಡು ನಾನು ಮನೆಗೆ ಬಂದು ಅತ್ತೆ.

ವರುಷ ತುಂಬಿದ ಮೇಲೆ ಬಂದ ಪಕ್ಷದ ಹಿಂದಿನ ವಾರ ಚಿಕ್ಕ ಮಗನ ಫೋನು ಬಂತು.

"ಅಕ್ಕ, ಈ ಸಲ ಅವ್ವಂಗೂ ಎಡೆ ಇಡ್ಬೇಕು. ಅವ್ವ ಮಾಡ್ತಾ ಇದ್ದಿದ್ದು ಆ ಕೈಮಾ ಅನ್ನ, ನಮ್ಮ ಮನೇಲಿ ಯಾರಿಗೂ ಬರಲ್ಲ. ನೀವು ಬಂದು ಮಾಡ್ಕೊಡ್ತೀರಾ?"

ಆಗಲಿ ಎಂದೆ. ಅದೇ ಸಂಜೆ ದೊಡ್ಡ ಮಗನ ಫೋನು. ಅವರು ಫೋನಿನಲ್ಲಿ ಮಾತಾಡುವವರೇ ಅಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಅದೇ ಮಾತು. ಅವ್ವನಿಗೆ ಏನು ಇಷ್ಟ ಅಂತ ಯೋಚನೆ ಮಾಡಿದೆವು, ಗೊತ್ತಾಗಲಿಲ್ಲ, ಅದೊಂದೇ ಹೊಳೆದದ್ದು ಎಂದರು. ಎರಡು ಮನೆಯಲ್ಲೂ ಅತ್ತೆಯ ಮುಂದೆ ಅಷ್ಟು ವರ್ಷ ತಟ್ಟೆ ಇಟ್ಟಿದ್ದಾರೆ, ಆಕೆಗೆ ಯಾವುದು ಇಷ್ಟ ಎಂದು ಒಬ್ಬರಿಗೂ ತಿಳಿಯದು. ನಿಜ ಹೇಳಬೇಕೆಂದರೆ ನನಗೂ ತಿಳಿಯದು. ನಾನು ಕಂಡದ್ದು ಅವರು ಗಂಡನಿಗೆ ಇಷ್ಟವಾದದ್ದನ್ನು ಮೊಮ್ಮಕ್ಕಳಿಗೆ ಮಾಡಿ ಹಾಕಿದ್ದನ್ನಷ್ಟೇ.

ಬಾಯಿ ಮುಚ್ಚಿಕೊಂಡು ತರಕಾರಿ ಹೆಚ್ಚಲು ಹೇಳುವವರು ಈಗ ಇರಲಿಲ್ಲ. ನಾನು ಇಬ್ಬರಿಗೂ ಮತ್ತೆ ಫೋನು ಮಾಡಿ ಒಂದೇ ಮಾತು ಹೇಳಿದೆ. "ನೋಡಿ, ನಿಮ್ಮಮ್ಮ ಇದನ್ನ ನಿಮ್ಮ ಮನೇಲೂ ಮಾಡಿಲ್ಲ, ಅವರ ಮನೇಲೂ ಮಾಡಿಲ್ಲ. ಮಾಡಿದ್ದು ಮೇಲಿನ ಮನೇಲಿ. ನಾನು ಅಲ್ಲೇ ಮಾಡೋದು, ಒಂದೇ ಸಲ ಮಾಡೋದು. ಬೇಕಾದವರು ಅಲ್ಲಿಗೆ ಬನ್ನಿ." ಹೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟೆ. ಸರಿ ಎಂದರೋ ಇಲ್ಲವೋ ತಿಳಿಯದೆಯೇ ನಾನು ಅಮಾವಾಸ್ಯೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಮೇಲಿನ ಮನೆಯ ಬಾಗಿಲು ತೆರೆದಿತ್ತು. ಬಾಡಿಗೆಗೆ ಯಾರೂ ಇರಲಿಲ್ಲ. ನೆಲ ಒರೆಸಿ ಇನ್ನೂ ಹಸಿ ಇತ್ತು. ಗೋಡೆಗೆ ಎರಡು ಫೋಟೋ ಒರಗಿಸಿದ್ದರು, ಗಂಡನದ್ದು ಕೆಳಗಿನ ಮನೆಯಿಂದ, ಹೆಂಡತಿಯದ್ದು ನಡುವಿನ ಮನೆಯಿಂದ ಬಂದಿತ್ತು. ಗ್ಯಾಸು ಒಬ್ಬರದ್ದು, ಸ್ಟೋವ್ ಇನ್ನೊಬ್ಬರದ್ದು. ಸಾರು, ಮುದ್ದೆ, ವಡೆ ಅವರವರ ಮನೆಯಿಂದ ಮಾಡಿಕೊಂಡೇ ತಂದಿದ್ದರು. ದೊಡ್ಡ ಸೊಸೆ ಹುರುಳಿಕಾಯಿ ಹೆಚ್ಚಲು ಕೂತರು, ಚಿಕ್ಕ ಸೊಸೆ ಸಬ್ಬಸಿಗೆ ಬಿಡಿಸಲು ಕೂತಳು, ಒಬ್ಬರಿಗೊಬ್ಬರು ಬೆನ್ನು ಮಾಡಿಕೊಂಡು. ಮಾತೆಲ್ಲ ನನ್ನ ಮೂಲಕ. "ಆ ಚಾಕು ಖಾಲಿ ಆಗಿದ್ರೆ ಕೊಡೋಕೆ ಹೇಳಿ" ಎಂದು ಒಬ್ಬರು ನನಗೆ ಹೇಳುವುದು, "ಅಲ್ಲೇ ಇದೆ, ತಗೊಳ್ಳೋಕೆ ಹೇಳಿ" ಎಂದು ಇನ್ನೊಬ್ಬಳು ನನಗೆ ಹೇಳುವುದು. ಮೂವರೂ ಇದ್ದದ್ದು ಆ ಇಬ್ಬರೇ ಹಿಡಿಸುವ ಅಡುಗೆಮನೆಯಲ್ಲಿ.

ಕೈಮಾ ಹದವಾಗಿ ಬಂತು. ಸಬ್ಬಸಿಗೆ ಬಿದ್ದ ಮೇಲೆ, ಬಾಳೆಎಲೆ ತೊಳೆಯಲು ಟೆರೇಸಿನ ನಲ್ಲಿಗೆ ಹೊರಟವಳು, ಯಾರ ಮುಖವನ್ನೂ ನೋಡದೆ, "ಉಪ್ಪು ಹಾಕಿಬಿಡಿ" ಎಂದು ಹೇಳಿ ಹೋದೆ. ಬರುವಷ್ಟರಲ್ಲಿ ಬಾಣಲೆ ಇಳಿಸಿ ಮುಚ್ಚಿದ್ದರು. ಹಿರಿಯರಿಗೆ ಇಡುವ ಅಡುಗೆಯನ್ನು ಎಡೆಗೆ ಮುಂಚೆ ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡಲಿಕ್ಕೂ ಇಲ್ಲ. ಬಡಿಸಿದೆವು. ಎಲೆಯ ಪಕ್ಕದಲ್ಲಿ ಸ್ಟೀಲಿನ ಬಟ್ಟಲಿಗೆ ಅನ್ನ, ಅದರ ಮೇಲೆ ಕೈಮಾ. ಹೊಸ ಪಂಚೆ, ಹೊಸ ಸೀರೆ, ಸಾಂಬ್ರಾಣಿ ಹೊಗೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ದೊಡ್ಡ ಮಗ ಮೇಲಿನ ಮೆಟ್ಟಿಲಲ್ಲಿ, ಚಿಕ್ಕವನು ಅವರಿಗಿಂತ ಕೆಳಗೆ. ಆ ಮುಚ್ಚಿದ ಬಾಗಿಲ ಒಳಗೆ ಅವರು ಒಬ್ಬರಲ್ಲ, ಇಬ್ಬರೂ ಕೂತಿದ್ದಾರೆ ಎಂದು ನನಗೆ ಅನ್ನಿಸಿತು... ಇಂಥದ್ದನ್ನೆಲ್ಲ ನಾನು ಅಷ್ಟಾಗಿ ನಂಬುವವಳಲ್ಲ.

ಒಳಗೆ ಹೋಗಿ ಪಂಕ್ತಿಗೆ ಕೂತಾಗ ಮೊದಲು ಆ ಬಟ್ಟಲಿನದ್ದನ್ನೇ ಎಲ್ಲರಿಗೂ ಪ್ರಸಾದದ ಹಾಗೆ ಹಂಚಿದೆ. ದೊಡ್ಡ ಮಗ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಚಿಕ್ಕವನು ನೀರಿನ ಲೋಟಕ್ಕೆ ಕೈ ಹಾಕಿದ. ಕಾಲೇಜಿಗೆ ಹೋಗುವಷ್ಟು ಬೆಳೆದಿದ್ದ ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡರು. ನಾನೂ ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು. ಹಿರಿಯರಿಗೆ ಇಟ್ಟದ್ದು, ಉಗುಳುವ ಹಾಗಿಲ್ಲ, ನುಂಗುವುದಕ್ಕಂತೂ ಆಗುತ್ತಿಲ್ಲ. ನಾನು ದೊಡ್ಡ ಸೊಸೆಯನ್ನು ನೋಡಿದೆ. ಅವರು ನನ್ನನ್ನು ನೋಡಿ, ಆಮೇಲೆ ನನ್ನನ್ನು ದಾಟಿ ಆ ಕಡೆ ನೋಡಿದರು.

"ನೀನೂ ಹಾಕಿದ್ಯಾ?"

ಚಿಕ್ಕ ಸೊಸೆಯ ತುತ್ತು ಕೈಯಲ್ಲೇ ನಿಂತಿತು. "ನೀವು ಹಾಕಿದೀರಾ ಅಂತ ನಂಗೇನು ಗೊತ್ತಕ್ಕ? ಹೇಳ್ಬೇಕು ತಾನೇ."

"ಹೆಂಗೆ ಹೇಳ್ಲಿ?" ಎಂದರು ದೊಡ್ಡವರು. ಇಬ್ಬರೂ ಎಲೆಯ ಕಡೆ ನೋಡುತ್ತ ಕೂತರು. ಚಿಕ್ಕವಳ ಕಣ್ಣು ತುಂಬಿ ಬಂದಿತ್ತು.

ಆಗ ದೊಡ್ಡ ಮಗ ಗಂಟಲು ಸರಿಮಾಡಿಕೊಂಡರು. "ಅನ್ನ ಸಾಲ್ದು ಇದಕ್ಕೆ. ಕೆಳಗೆ ಅನ್ನ ಇದೆಯಾ ನೋಡು" ಎಂದು ಹೆಂಡತಿಗೆ ಹೇಳಿದರು. ಹೇಳಿ, ಸ್ವಲ್ಪ ತಡೆದು, ಎಲೆಯಿಂದ ಕಣ್ಣೆತ್ತದೆ, "ನಿಮ್ಮನೇಲಿ ಇದ್ರೂ ತಗೊಂಡ್ ಬಾರೋ" ಎಂದರು. ಚಿಕ್ಕವನು ಎಂಜಲು ಕೈಯಲ್ಲೇ ಎದ್ದ. ಕೆಳಗಿನ ಮನೆಯ ಅನ್ನ ಬಂತು, ನಡುವಿನ ಮನೆಯ ಅನ್ನ ಬಂತು. ದೊಡ್ಡ ಬೇಸಿನ್ನಿಗೆ ಎರಡನ್ನೂ ಸುರಿದು ಓರಗಿತ್ತಿಯರಿಬ್ಬರೂ ಸೇರಿ ಕೈಮಾದೊಂದಿಗೆ ಕಲಸಿದರು. ಉಪ್ಪು ಹದಕ್ಕೆ ಬರುವಷ್ಟರಲ್ಲಿ ಅದು ಬೀದಿಯ ಜನ ಉಣ್ಣುವಷ್ಟಾಗಿತ್ತು. ಆ ದಿನ ಪಕ್ಕದ ಮನೆಯವರೂ ಬಂದು ಉಂಡರು. ಇದನ್ನು ಹೇಳಲು ನನಗೆ ಒಬ್ಬರೇ ಒಬ್ಬರು ಬೇಕಾಗಿತ್ತು. ಅವರು ಹಾರ ಹಾಕಿಕೊಂಡು ಗೋಡೆಗೆ ಒರಗಿದ್ದರು.

ಅದು ಹೋದ ವರ್ಷದ ಪಕ್ಷ. ಈ ವರ್ಷದ್ದು ಹತ್ತಿರ ಬಂದಿದೆ. ಮಗಳು ಟರ್ಕಿ ಕೋಳಿ ತರಿಸಿದ ಮಾರನೆಯ ದಿನವೇ ದೊಡ್ಡ ಸೊಸೆಯ ಫೋನು ಬಂತು. ಹಿಂದೆ ಚಿಕ್ಕವಳ ದನಿಯೂ ಕೇಳುತ್ತಿತ್ತು. "ಈ ಸಲ ನೀವು ಸುಮ್ನೆ ಊಟಕ್ಕೆ ಬನ್ನಿ. ಕೈಮಾ ನಾವೇ ಮಾಡ್ತೀವಿ, ಕಲ್ತಿದೀವಿ" ಎಂದರು. ಒಳ್ಳೆಯದಾಯಿತು, ಬರ್ತೀನಿ ಎಂದೆ.

ನನಗೆ ಖುಷಿಯಾಗಬೇಕು. ಆಗಿದೆ ಕೂಡ. ಆದರೆ ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಬಾಣಲೆಯನ್ನೇ ಮತ್ತೆ ತೊಳೆದೆ. ಅಮ್ಮ ಬಯಸಿದ್ದು ಪೂರ್ತಿ ಆಗದೆ ಇದ್ದಷ್ಟು ಕಾಲ, ಅವರ ಒಂದು ಕೆಲಸ ಬಾಕಿ ಉಳಿದು ನನ್ನ ಒಲೆಯ ಹತ್ತಿರವೇ ಇದ್ದ ಹಾಗಿತ್ತು. ಈಗ ಅವರ ಮಕ್ಕಳಿಗೆ ನನ್ನ ಅಡುಗೆಮನೆ ಬೇಡ, ಅಮ್ಮನಿಗೂ ಬೇಡ. ಈ ಸಲ ನಾನು ಹೋಗಿ ಎಲೆಯ ಮುಂದೆ ಕೂರುತ್ತೇನೆ, ಬಡಿಸಿದ್ದನ್ನು ಉಂಡು ಬರುತ್ತೇನೆ. ಅವರು ತೀರಿಕೊಂಡದ್ದು ನನಗೆ ಸರಿಯಾಗಿ ಗೊತ್ತಾದದ್ದು ಆ ಫೋನು ಬಂದ ಮೇಲೆ.